ನೆತ್ತಿಯ ಮೇಲಣ ಹೊನ್ನಹೂವು

ಜಪಾನಿನ ನಾರಾ ಪಟ್ಟಣದ ಅಂಚಿನಲ್ಲಿ, ಜಿಂಕೆಗಳು ನಿರ್ಭಯವಾಗಿ ಅಡ್ಡಾಡುವ ಉಪವನವನ್ನು ದಾಟಿ ಹೋದರೆ, ಕಸುಗ ದೇವಾಲಯ ಸಿಕ್ಕುತ್ತದೆ. ಆ ದೇವಾಲಯದ ಭಂಡಾರದಲ್ಲಿರತಕ್ಕ, ರಾಷ್ಟ್ರದ ನಿಧಿಯೆಂದು ಅಲ್ಲಿಯ ಸರ್ಕಾರದ ಮನ್ನಣೆ ಪಡೆದ ಕವಚಗಳಲ್ಲಿ ಒಂದು ಕೆಂಪು ರೇಷ್ಮೆಯ ಹುರಿಗಳಿಂದ ಹೆಣೆದದ್ದು. ತೋಳುಗಳನ್ನು ಕಾಯಲೆಂದು ಇಳಿಬಿಟ್ಟ ಅದರ ಅಗಲವಾದ ಫಲಕಗಳ ಮೇಲೆ, ಚಿನ್ನದ ಮುಲಾಮು ಕೊಟ್ಟ ಲೋಹದಲ್ಲಿ ಕಡೆದ ಬಿದಿರುಮೆಳೆಯೊಂದು ಹಬ್ಬಿದೆ. ಮೆಳೆಯ ನಡುವೆ ಹುಲಿಯುಂಟು, ಎಲೆಗಳ ಸಂದಿನಲ್ಲಿ ಗುಬ್ಬಿಗಳುಂಟು. ಅದರ ಜೊತೆಯ ಶಿರಸ್ತ್ರಾಣದ ಹಣೆಯಿಂದ ಹೊಂಬಣ್ಣದ ಎರಡು ಅಗಲವಾದ ಕೊಂಬುಗಳು ಮೇಲೆದ್ದು ಎರಡು ಕಡೆಗೆ ಬಾಗಿವೆ. ಹನ್ನೆರಡನೆಯ ಶತಮಾನದ ಪ್ರಖ್ಯಾತ ವೀರನಾದ ಮಿನಮೊತೊ ಯೊಶಿತ್ಸುನೆ ಇದನ್ನು ದೇವರಿಗೆ ಒಪ್ಪಿಸಿದನೆಂದು ಸ್ಥಳದ ಐತಿಹ್ಯ ಹೇಳುತ್ತದೆ. ಕೆಲಸದ ರೀತಿಯನ್ನು ಪರೀಕ್ಷಿಸಿದ ವಿದ್ವಾಂಸರಾದರೋ, ಅವನು 1189ರಲ್ಲಿ ಮಡಿದ ಬಹುಕಾಲದ ಮೇಲೆ, ಕಾಮಾಕುರ ಯುಗದ ಉತ್ತರಾರ್ಧದಲ್ಲಿ ಇದು ಸಿದ್ಧವಾಯಿತೆಂದು ನಿರ್ಣಯಿಸಿದ್ದಾರೆ. ಇಷ್ಟು ಚೆಲುವಾದ ವಸ್ತುವಿಗೆ ಇಷ್ಟು ದೊಡ್ಡ ಹೆಸರೊಂದು ತಗಲಿಕೊಂಡಿತೆಂದರೆ ಅದು ಸಹಜವೇ.

ರಣರಂಗದಲ್ಲಿ ಈ ಗುಬ್ಬಿಗಳನ್ನು ನೋಡುವವರು ಯಾರು? ಮೂವತ್ತು ಮಾರು ದೂರದಲ್ಲಿ ಬಿಲ್ಲಿಗೆ ಬಾಣ ಹೂಡಿ ನಿಂತ ವೈರಿಯ ಕಣ್ಣಿಗೆ ಅವು ಬೀಳುವಂತಿಲ್ಲ. ತೊಟ್ಟವನಿಗಂತೂ ತನ್ನ ತಲೆಯ ಮೇಲಿನ ಶೃಂಗಾರ ಕಾಣುವುದೇ ಇಲ್ಲ. ಕೊಂಬುಗಳ ಮಾತು ಬೇರೆ. ಅವು ಕಾಣಲೆಂದೇ ಹುಟ್ಟಿದವು, ಧೂಳಿನ ನಡುವೆ, ಕುದುರೆಗಳ ನಡುವೆ, ಬಿಸಿಲಿಗೆ ಹೊಳೆದು ತಮ್ಮ ಒಡೆಯ ಇಲ್ಲಿದ್ದಾನೆಂದು ಸಾರಲೆಂದೇ ಎದ್ದು ನಿಂತವು. ಪುರಾತನ ಜಪಾನಿನ ಶಿರಸ್ತ್ರಾಣಗಳನ್ನು ಅಲಂಕರಿಸಿದ ಲೋಹಕಾರರು ಹೀಗೆ ಎರಡು ಬಗೆಯ ದೃಷ್ಟಿಗಾಗಿ ದುಡಿದವರು: ಹೊಲದಾಚೆಯಿಂದ ನೋಡುವ ಕಣ್ಣಿಗಾಗಿ ಒಮ್ಮೆ, ಗೇಣಿನಂತರದಿಂದ ನೋಡುವ ಕಣ್ಣಿಗಾಗಿ ಇನ್ನೊಮ್ಮೆ. ಮೊದಲನೆಯದು ವೈರಿಯದು ಮತ್ತು ಸ್ವಾಮಿಯದು ಎಂಬುದು ಸ್ಪಷ್ಟ. ಎರಡನೆಯದು ಯಾರದೆಂಬುದನ್ನು ತಟ್ಟನೆ ಹೇಳಲಾಗದು. ಪ್ರದರ್ಶನಶಾಲೆಗಳಲ್ಲಿ ಜನ ನೆರೆಯುವುದು ಕೊಂಬು, ಚಂದ್ರಕಲೆ, ಮೊಲದ ಕಿವಿಗಳ ಮುಂದೆ, ಅದು ತಪ್ಪಲ್ಲ, ಆದರೆ ಆ ಕಲೆಯ ಜೀವಾಳ ಇರುವುದು ಯಾರೂ ಕತ್ತೆತ್ತಿ ನೋಡದ ಸಣ್ಣ ತುಣುಕುಗಳಲ್ಲಿ ಎಂಬುದು ನನ್ನ ಮತ.

ಜಪಾನೀಯರು ಕಬುತೊ ಎಂದು ಕರೆಯುವ ಈ ಶಿರಸ್ತ್ರಾಣದ ಮುಖ್ಯಾಂಗ ಕಬ್ಬಿಣದ ಒಂದು ಬೋಗುಣಿ. ಒಂದೇ ತಗಡನ್ನು ಬಡಿದು ಅದನ್ನು ಮಾಡಿದ್ದಲ್ಲ. ನೆತ್ತಿಯಿಂದ ಕೆಳಕ್ಕೆ ಅಗಲವಾಗುತ್ತ ಬರುವ ಪಟ್ಟಿಗಳನ್ನು ಒಂದರ ಅಂಚಿನ ಮೇಲೊಂದನ್ನಿಟ್ಟು ಮೊಳೆಗಳಿಂದ ಬಿಗಿದದ್ದು. ಹನ್ನೆರಡನೆಯ ಶತಮಾನದಲ್ಲಿ ಇಂಥ ಪಟ್ಟಿಗಳು ಹತ್ತು ಹದಿನೈದು ಇದ್ದರೆ ಸಾಕಾಗಿತ್ತು, ಮೊಳೆಗಳ ಗುಬುಟುಗಳು ಹೊರಗೆ ಉಬ್ಬಿಕೊಂಡು ನಕ್ಷತ್ರಗಳಂತೆ ಕಾಣುತ್ತಿದ್ದುವು. ಮುಂದೆ ಪಟ್ಟಿಗಳ ಸಂಖ್ಯೆ ಏರಿ 62ಕ್ಕೆ ಮುಟ್ಟಿತು, ಕೆಲವು ಕಮ್ಮಾರರು ತಮ್ಮ ಚಾತುರ್ಯವನ್ನು ಮೆರೆಯಲೆಂದು ನೂರನ್ನೂ ದಾಟಿದರು. ಬೋಗುಣಿಯ ಕೆಳಗೆ, ಕತ್ತನ್ನು ಸುತ್ತುವರಿದು, ಹುರಿಗಳಿಂದ ಪೋಣಿಸಿದ ಫಲಕಗಳ ಕಂಠತ್ರಾಣ ಇಳಿಬಿದ್ದಿರುತ್ತದೆ. ಅದರ ಮುಂತುದಿಗಳು ಮುಖದ ಎರಡು ಪಕ್ಕಗಳಲ್ಲಿ ಕಿವಿಯಗಲಿಸಿದಂತೆ ಹೊರಕ್ಕೆ ಮಡಿದು ನಿಲ್ಲುತ್ತವೆ. ಹಣೆಯ ಮೇಲೆ ಒಂದು ಚಿಕ್ಕ ಚಾಚು. ಇವಿಷ್ಟು ಕಬ್ಬಿಣದವನ ಕೆಲಸ. ಇದಾದ ಮೇಲೆ ತಾಮ್ರ, ಬೆಳ್ಳಿ, ಚಿನ್ನಗಳವನು ಬರುತ್ತಾನೆ.

ಅವನು ಮೊದಲು ಕೈಯಿಡುವುದು ನೆತ್ತಿಗೆ. ಪಟ್ಟಿಗಳ ಮೇಲ್ತುದಿಗಳೆಲ್ಲ ಬಂದು ಸೇರುವ ಆ ಸ್ಥಳದಲ್ಲಿ ಒಂದು ರಂಧ್ರ ಉಳಿಯುತ್ತದೆ. ತೆಹೆನ್ ಎಂದು ಅದರ ಹೆಸರು. ಆದಿಯಲ್ಲಿ ಅದಕ್ಕೊಂದು ಪ್ರಯೋಜನವಿತ್ತು: ಯೋಧನು ತಲೆಗೂದಲನ್ನು ಜುಟ್ಟುಕಟ್ಟಿ, ಮೆತ್ತನೆಯ ಬಟ್ಟೆಯ ಟೋಪಿ ತೊಟ್ಟು, ಆ ಟೋಪಿಯ ತುದಿಯನ್ನು ಜುಟ್ಟಿನೊಡನೆ ಈ ರಂಧ್ರದೊಳಗಿಂದ ಹೊರತೆಗೆಯುತ್ತಿದ್ದನು, ಶಿರಸ್ತ್ರಾಣವು ತಲೆಯ ಮೇಲೆ ಹೊರಳದೆ ನಿಲ್ಲುತ್ತಿತ್ತು. ಅಷ್ಟು ದೊಡ್ಡ ಕಂಡಿ ಯುದ್ಧದಲ್ಲಿ ಅಪಾಯಕರವೂ ಹೌದು. ಹೈಕೆ ವಂಶದ ಏಳುಬೀಳುಗಳನ್ನು ವರ್ಣಿಸುವ ಜಪಾನಿನ ಪ್ರಾಚೀನ ಯುದ್ಧಕಥನದಲ್ಲಿ, 1180ರಲ್ಲಿ ಉಜಿ ನದಿಯನ್ನು ಕುದುರೆಗಳ ಮೇಲೆ ದಾಟುವ ಸಂದರ್ಭ ಬರುತ್ತದೆ; ಅಲ್ಲಿ ಹದಿಹರೆಯದ ಸೇನಾನಿಯೊಬ್ಬನು ತನ್ನವರಿಗೆ, ಬಾಣಗಳ ಮಳೆಗೆ ತಲೆತಗ್ಗಿಸಿರಿ, ಆದರೆ ಅತಿಯಾಗಿ ತಗ್ಗಿಸಿ ನೆತ್ತಿಯ ರಂಧ್ರಕ್ಕೆ ಬಾಣ ತಾಗಿಸಿಕೊಳ್ಳಬೇಡಿರಿ ಎಂದು ಎಚ್ಚರ ಹೇಳುತ್ತಾನೆ. ಯುದ್ಧವನ್ನು ಕಣ್ಣಾರೆ ಕಂಡವರ ಬಾಯಿಂದಲ್ಲದೆ ಇಂಥ ಮಾತು ಹೊರಡಲಾರದು.

ಕಾಲಾಂತರದಲ್ಲಿ ಕೂದಲನ್ನು ಬಿಚ್ಚಿಬಿಡುವ ವಾಡಿಕೆ ಬಂತು, ಒಳಗೆ ಬಟ್ಟೆಯ ಅಸ್ತರು ಬಂತು. ಜುಟ್ಟು ಹೊರಬರಬೇಕಾದ ಅಗತ್ಯ ತಪ್ಪಿತು. ಕಂಡಿ ಕಿರಿದಾಯಿತೇ ಹೊರತು ಮುಚ್ಚಿಹೋಗಲಿಲ್ಲ. ಯುದ್ಧದೇವತೆಯಾದ ಹಾಚಿಮಾನನ ಪೀಠವದು ಎಂಬ ಭಾವನೆ ಆ ವೇಳೆಗೆ ಬಲಿತಿತ್ತು. ದೇವರು ಇಳಿದುಬರುವ ದ್ವಾರಕ್ಕೆ ತಕ್ಕ ಚೌಕಟ್ಟನ್ನು ಕಟ್ಟುವುದು ಲೋಹಕಾರನ ಪಾಲಿಗೆ ಬಂದಿತು. ಪಟ್ಟಿಗಳ ಚೂಪಾದ ತುದಿಗಳನ್ನು ಮರೆಮಾಡಬೇಕಾದ ಸಾಧಾರಣ ಅವಶ್ಯಕತೆಯೂ ಅಲ್ಲಿತ್ತು ಎಂಬುದನ್ನು ಮರೆಯಲಾಗದು. ಈ ಎರಡೂ ಸೇರಿ ನೆತ್ತಿಯ ಮೇಲೆ ಒಂದು ಹೂವನ್ನು ಅರಳಿಸಿದುವು.

ಆ ಹೂವಿನ ರಚನೆಯನ್ನು ತುಸು ಹತ್ತಿರದಿಂದ ನೋಡಬೇಕು. ಎಲ್ಲಕ್ಕೂ ಕೆಳಗೆ, ಕಬ್ಬಿಣಕ್ಕೆ ತಾಗಿ, ಎಲೆಗಳ ಆಕಾರದಲ್ಲಿ ಅಂಚು ಕತ್ತರಿಸಿದ ಒಂದು ತೆಳುವಾದ ತಗಡು. ಅದರ ಮೇಲೆ ಸೇವಂತಿಗೆಯ ದಳಗಳನ್ನು ಸುತ್ತಲೂ ಹರಡಿದ ಇನ್ನೊಂದು. ಅದರ ಮೇಲೆ ಜಾಲಂದ್ರದಂತೆ ತೂತು ಕೊರೆದ ಮತ್ತೊಂದು. ಆ ಬಳಿಕ ಅಂಚು ಹಲ್ಲುಹಲ್ಲಾದ ಚಿಕ್ಕ ಬಳೆ. ಮತ್ತೆ ಸೇವಂತಿಗೆ, ಈ ಸಲ ದಳಗಳು ಮೇಲ್ಮುಖವಾಗಿ. ಒಂದಕ್ಕಿಂತ ಒಂದು ಕಿರಿದಾಗುತ್ತ, ಒಂದು ಚಿನ್ನದ ಬಣ್ಣ ಒಂದು ಕಪ್ಪು ಎಂಬಂತೆ ಸರದಿಯಾಗಿ, ಐದಾರು ಅಂತಸ್ತುಗಳು ಏರಿದ ಮೇಲೆ ನಡುವೆ ಒಂದು ಗಿಡ್ಡ ಕೊಳವೆ ನಿಲ್ಲುತ್ತದೆ. ಅಂತಸ್ತುಗಳನ್ನೆಲ್ಲ ಹಿಡಿದಿರುವುದು ಈ ಕೊಳವೆಯೇ. ಅದರ ಕೆಳತುದಿಯನ್ನು ಸೀಳಿ ನಾಲಗೆಗಳನ್ನಾಗಿಸಿ, ರಂಧ್ರದೊಳಗೆ ಇಳಿಸಿ, ಬೋಗುಣಿಯ ಒಳಮೈಗೆ ಮಡಿಸಿ ಬಡಿದುಬಿಟ್ಟರೆ ಮುಗಿಯಿತು. ಬೆಸುಗೆಯಿಲ್ಲ, ಅಂಟಿಲ್ಲ, ಬೇಕೆಂದಾಗ ನಾಲಗೆಗಳನ್ನು ನೆಟ್ಟಗೆ ಮಾಡಿ ಇಡೀ ಹೂವನ್ನು ಬಿಡಿಸಿ ತೊಳೆದು ಮತ್ತೆ ಜೋಡಿಸಬಹುದು. ಅಗಲ ಎರಡು ಮೂರು ಅಂಗುಲ ಮೀರದ ಈ ವಸ್ತುವಿನ ಮೇಲೆ ಸುರಿದ ಶ್ರಮ, ಎರಡು ಗಜದ ಕೊಂಬಿನ ಮೇಲೆ ಸುರಿದಿದ್ದರೂ ವ್ಯರ್ಥವಾಯಿತೆಂದು ಯಾರೂ ಅನ್ನುತ್ತಿರಲಿಲ್ಲ.

ಈ ಹೂವನ್ನು ನೋಡುವವನು ಮೇಲಿರುವ ದೇವರು ಎನ್ನೋಣ. ಇನ್ನೂ ಒಬ್ಬನಿದ್ದಾನೆ. ಜಪಾನಿನ ಯುದ್ಧಧರ್ಮದಲ್ಲಿ ಹತನಾದ ಗಣ್ಯ ವೀರನ ತಲೆಯನ್ನು ಕಡಿದು, ತೊಳೆದು, ಗೆದ್ದ ಸೇನಾಪತಿಯ ಮುಂದೆ ಪರಿಶೀಲನೆಗೆ ಇಡುವ ಪದ್ಧತಿಯಿತ್ತು. ಸತ್ತವನ ಶಿರಸ್ತ್ರಾಣವೂ ಆಗ ಗೆದ್ದವರ ಕೈಗೆ ಬರುತ್ತಿತ್ತು. ಒಸಾಕಾ ದುರ್ಗದ ಪತನಕ್ಕೆ ಮುನ್ನ, 1615ರ ಯುದ್ಧದಲ್ಲಿ ಮಡಿದ ತರುಣ ಕಿಮುರ ಶಿಗೆನಾರಿಯ ವಿಷಯದಲ್ಲಿ ಒಂದು ಕಥೆಯಿದೆ: ಅವನ ತಲೆಯನ್ನು ಗೆದ್ದ ಪಕ್ಷದ ನಾಯಕ ತೊಕುಗಾವ ಇಯೆಯಾಸುವಿನ ಮುಂದೆ ತಂದಾಗ ಕೂದಲಿನಿಂದ ಸುಗಂಧ ಸೂಸಿತಂತೆ, ಸಾಯುವುದು ನಿಶ್ಚಯವೆಂದು ಬಲ್ಲ ಅವನು ಹೊರಡುವ ಮೊದಲು ಶಿರಸ್ತ್ರಾಣದೊಳಗೆ ಧೂಪ ಹಾಕಿಕೊಂಡಿದ್ದನಂತೆ. ಕಥೆ ನಿಜವೋ ಕಟ್ಟಿದ್ದೋ, ಅದರಲ್ಲಿ ಕಾಣಬರುವ ಮನೋಧರ್ಮ ಮಾತ್ರ ಲೋಹಕಾರನ ಕೆಲಸಕ್ಕೆ ಒಳ್ಳೆಯ ವ್ಯಾಖ್ಯಾನ. ಗೇಣಿನಂತರದಿಂದ ನೋಡುವ ಆ ಎರಡನೆಯ ಕಣ್ಣು, ಸೋತವನ ಕುಲಶೀಲಗಳನ್ನು ಅಳೆಯಲಿದ್ದ ಗೆದ್ದವನ ಕಣ್ಣೂ ಆಗಿದ್ದಿರಬೇಕು.

ನೆತ್ತಿಯಿಂದ ಕೆಳಕ್ಕೆ ಇಳಿದರೆ ಸಣ್ಣಪುಟ್ಟ ಆಭರಣಗಳು ಹಲವು. ಹಣೆಯ ಕಡೆಗೂ ಬೆನ್ನ ಕಡೆಗೂ ಬಾಣದ ಅಲಗಿನ ಆಕಾರದ ಹೊಂಬಣ್ಣದ ಪಟ್ಟಿಗಳು ಹರಿದಿಳಿಯುತ್ತವೆ. ಬೋಗುಣಿಯ ನಾಲ್ಕು ದಿಕ್ಕುಗಳಲ್ಲಿ ನಾಲ್ಕು ದೊಡ್ಡ ಗುಬುಟುಗಳುಂಟು. ಧೃತರಾಷ್ಟ್ರ, ವಿರೂಢಕ, ವಿರೂಪಾಕ್ಷ, ವೈಶ್ರವಣರೆಂಬ ಬೌದ್ಧ ಲೋಕಪಾಲರು ನಾಲ್ವರಿಗೆ ಅವನ್ನು ಸಲ್ಲಿಸುತ್ತಾರೆ. ಹಣೆಯ ಚಾಚನ್ನು ಬಿಗಿಯುವ ಮೂರು ಮೊಳೆಗಳಿಗೂ ಸೇವಂತಿಗೆಯ ಮುಖಗಳನ್ನಿಟ್ಟು, ಸೂರ್ಯ, ಚಂದ್ರ, ನಕ್ಷತ್ರಗಳೆಂಬ ಮೂರು ಜ್ಯೋತಿಗಳೆಂದು ಕರೆದರು. ಮಡಿದ ಕಿವಿಗಳ ಮೇಲೆ ವಂಶದ ಲಾಂಛನ: ತೊಕುಗಾವರದಾದರೆ ಮೂರು ಎಲೆ, ಶಿಮಾಜುಗಳದಾದರೆ ವರ್ತುಲದೊಳಗಿನ ಶಿಲುಬೆಯಾಕಾರ, ಹೊಸೊಕಾವರದಾದರೆ ಒಂಬತ್ತು ಚುಕ್ಕೆ. ಹಿಂಬದಿಯಲ್ಲಿ ಒಂದು ಉಂಗುರ. ಸ್ವಪಕ್ಷದ ಗುರುತಿನ ಬಟ್ಟೆಯನ್ನು ಕಟ್ಟಲೆಂದು ಹುಟ್ಟಿದ ಅದು ಕಡೆಗೆ ರೇಷ್ಮೆಯ ಕುಚ್ಚನ್ನು ತೂಗುಹಾಕುವ ನೆಪವಾಗಿ ಉಳಿಯಿತು.

ಇನ್ನು ಕೊಂಬುಗಳು. ಕುವಗತ ಎಂಬ ಈ ಜೋಡಿ ತಗಡುಗಳು ನೇಗಿಲ ಗುಳವನ್ನು ಹೋಲುತ್ತವೆಯೆಂದು ಒಬ್ಬರು, ಸಾರಂಗದ ಕೊಂಬನ್ನೆಂದು ಇನ್ನೊಬ್ಬರು, ಜಲಸಸ್ಯವೊಂದರ ಎಲೆಯನ್ನೆಂದು ಮತ್ತೊಬ್ಬರು ಬಹುಕಾಲ ವಾದಿಸಿದ್ದಾರೆ. ಆ ವಾದದಲ್ಲಿ ಸೇರುವ ಅಪೇಕ್ಷೆ ನನಗಿಲ್ಲ. ಹಳೆಯ ಮಾದರಿಗಳಲ್ಲಿ ಕೆಲವು ಕಬ್ಬಿಣದವು, ಕೊಂಬೂ ಪೀಠವೂ ಒಂದೇ ತುಂಡಿನವು. ನಾಗಾನೊ ಪ್ರಾಂತದ ಬೌದ್ಧಾಲಯವೊಂದರಲ್ಲಿ ಉಳಿದಿರುವ ಹೇಯಾನ್ ಯುಗದ ಒಂದು ಕೊಂಬಿನ ಮೇಲೆ ಬೆಳ್ಳಿಬಂಗಾರಗಳ ತಂತಿ ಕೂರಿಸಿ ನಾಗಾಕೃತಿಯನ್ನು ಬಿಡಿಸಿದೆ. ಉತ್ತರದ ಹೊಕ್ಕಾಯಿದೋ ದ್ವೀಪದ ಐನು ಜನ ದಕ್ಷಿಣದಿಂದ ತಮ್ಮ ಕೈಗೆ ಬಂದ ಇಂಥ ಕೊಂಬುಗಳನ್ನು ಯುದ್ಧಕ್ಕೆ ಧರಿಸದೆ ಶಕ್ತಿಯುಳ್ಳ ದೇವತಾನಿಧಿಗಳೆಂದು ಪೂಜಿಸಿ ಮರೆಯಾಗಿಟ್ಟುಕೊಳ್ಳುತ್ತಿದ್ದರು. ಮೊದಲಲ್ಲಿ ಸೇನಾನಾಯಕರಿಗೆ ಮಾತ್ರ ಸಲ್ಲುತ್ತಿದ್ದ ಈ ಭೂಷಣ ಹದಿನಾಲ್ಕನೆಯ ಶತಮಾನದ ಅಂತಃಕಲಹಗಳ ಕಾಲಕ್ಕೆ ಅತಿ ಉದ್ದವಾಗಿ ಬೆಳೆಯಿತು, ಹಲವರ ತಲೆಗಳ ಮೇಲೂ ಕಾಣಿಸಿತು. ಕೊಂಬು ದೂರದವರಿಗೆ, ಆದರೆ ಅದನ್ನು ನೆಟ್ಟ ಪೀಠವೋ, ಹತ್ತಿರದವರಿಗೆ. ಅಂಗೈಯಗಲದ ಆ ಪೀಠದ ಮೇಲೆ ಸೇವಂತಿಗೆಯ ಬಳ್ಳಿಗಳನ್ನು ಉಬ್ಬಿಸಿ, ಹಿನ್ನೆಲೆಯನ್ನು ಕೊರೆದು ತೆಗೆದೋ ಸಣ್ಣ ಚುಕ್ಕೆಗಳಿಂದ ತುಂಬಿಯೋ ಬಿಡುತ್ತಿದ್ದರು.

ಹೋನ್ಶೂ ದ್ವೀಪದ ಉತ್ತರ ತುದಿಯ ಹಾಚಿನೊಹೆಯಲ್ಲಿ ಕುಶಿಬಿಕಿ ಹಾಚಿಮಾನ್ ಎಂಬ ದೇವಾಲಯವಿದೆ. ಅಲ್ಲಿಯ ಕೆಂಪು ಹುರಿಯ ಕವಚದ ಲೋಹಾಲಂಕಾರ ಕಸುಗದ್ದಕ್ಕಿಂತ ಹೆಚ್ಚು ಸಂಯಮದ್ದೆಂದು ನನ್ನ ಎಣಿಕೆ: ಬಿದಿರಿನ ಬೇಲಿ, ಬೇಲಿಯ ಮೇಲೆ ಹಬ್ಬಿದ ಸೇವಂತಿಗೆ, ಅಷ್ಟೇ. ಈ ಎರಡೂ ಕಡೆಗಳಲ್ಲಿ ಚಿನ್ನವನ್ನು ಹೊದಿಸಿದ ಬಗೆ ಹಳೆಯದು. ಚಿನ್ನದ ಪುಡಿಯನ್ನು ಪಾದರಸದೊಡನೆ ಅರೆದು ಮೆತ್ತನೆಯ ಮುದ್ದೆ ಮಾಡುತ್ತಾರೆ. ತಾಮ್ರದ ಮೇಲ್ಮೈಯನ್ನು ಹುಳಿಯಾದ ಊಮೆ ಹಣ್ಣಿನ ರಸದಿಂದ ಉಜ್ಜಿ ಶುದ್ಧಗೊಳಿಸಿ, ಮುದ್ದೆಯನ್ನು ಸವರಿ, ಕೆಂಡದ ಮೇಲೆ ಹಿಡಿಯುತ್ತಾರೆ. ಪಾದರಸ ಆವಿಯಾಗಿ ಹಾರಿಹೋಗಿ ಚಿನ್ನ ಕಚ್ಚಿಕೊಳ್ಳುತ್ತದೆ. ಮೊದಲು ಮಂಕಾಗಿ ಹಳದಿಮಣ್ಣಿನಂತಿರುವ ಅದನ್ನು ಒಪ್ಪವಿಟ್ಟ ಮೇಲೆಯೇ ಹೊಳಪು ಬರುವುದು. 752ರಲ್ಲಿ ಪ್ರತಿಷ್ಠೆಗೊಂಡ ನಾರಾದ ಮಹಾಬುದ್ಧನಿಗೆ ಚಿನ್ನ ಹೊದಿಸಿದ್ದೂ ಈ ಮಾರ್ಗದಿಂದಲೇ. ಆ ವಿಷದ ಹೊಗೆಯನ್ನು ಉಸಿರಾಡಿದ ಕೆಲಸಗಾರರ ಹೆಸರುಗಳು ಯಾವ ಶಿರಸ್ತ್ರಾಣದ ಮೇಲೂ ಕೊರೆದಿಲ್ಲ. ಹೆಸರು ಕೊರೆಯುವ ಹಕ್ಕು ಕಬ್ಬಿಣದವನದು.

ನಮ್ಮ ದೇಶದಿಂದ ಹೋದ ಒಬ್ಬ ಯಾತ್ರಿಕನಿಗೆ ಈ ಶಿರಸ್ತ್ರಾಣಗಳ ನಡುವೆ ಸ್ವಜನರ ಪರಿಚಯವಾಗುವ ಒಂದು ಘಳಿಗೆ ಬರದಿರುವುದಿಲ್ಲ. 804ರಲ್ಲಿ ಚೀನಾಕ್ಕೆ ಹೋಗಿ 806ರಲ್ಲಿ ಮರಳಿದ ಕೂಕಾಯಿ ಎಂಬ ಸನ್ಯಾಸಿ ಮಂತ್ರಯಾನದ ದೇವತೆಗಳೊಡನೆ ಅವರ ಬೀಜಾಕ್ಷರಗಳನ್ನೂ ಜಪಾನಿಗೆ ತಂದನು. ಅವನ್ನು ಬರೆಯುತ್ತಿದ್ದ ಸಿದ್ಧಮಾತೃಕಾ ಲಿಪಿ, ನಮ್ಮ ಕನ್ನಡ ಲಿಪಿಯಂತೆಯೇ, ಬ್ರಾಹ್ಮಿಯ ಸಂತಾನ. ಭಾರತದಲ್ಲಿ ಅದು ಎಂದೋ ಬಳಕೆ ತಪ್ಪಿತು. ಜಪಾನಿನ ಯೋಧನ ಹಣೆಯ ಮೇಲೆ ಮಾತ್ರ ಬೆಳ್ಳಿಯಲ್ಲೋ ಬಂಗಾರದಲ್ಲೋ ಕೂಡಿಸಲ್ಪಟ್ಟು ನಿಂತಿತು. ಅಚಲನ ಹಾಂ, ಅಮಿತಾಭನ ಹ್ರೀಃ. ಅಚಲನು ಜ್ವಾಲೆಗಳ ನಡುವೆ ಖಡ್ಗಪಾಣಿಯಾಗಿ ಕುಳಿತ ಉಗ್ರದೇವತೆ. ಆ ಖಡ್ಗದ ಹಿಡಿ ವಜ್ರಾಯುಧದ ಆಕಾರದ್ದು. ಎರಡು ಕೊಂಬುಗಳ ನಡುವೆ ಮೂರನೆಯದಾಗಿ ನೆಟ್ಟ ನೇರವಾದ ಹೊನ್ನ ಕತ್ತಿಯನ್ನು ಎಷ್ಟೋ ಶಿರಸ್ತ್ರಾಣಗಳಲ್ಲಿ ನೋಡುತ್ತೇವೆ. ಅದು ಅಚಲನ ಖಡ್ಗ. ಯೊನೆಜಾವದ ಉಯೆಸುಗಿ ದೇವಾಲಯದಲ್ಲಿರುವ ನಾವೊಯೆ ಕಾನೆತ್ಸುಗುವಿನ ಶಿರಸ್ತ್ರಾಣದ ಹಣೆಯ ಮೇಲೆ, ಮೋಡದ ಪೀಠದಲ್ಲಿ, ಪ್ರೇಮವೆಂಬ ಅರ್ಥದ ಚೀನೀ ಅಕ್ಷರವೊಂದು ದೊಡ್ಡದಾಗಿ ನಿಂತಿದೆ. ಯೋಧನೊಬ್ಬನು ಪ್ರೇಮವನ್ನು ತಲೆಯ ಮೇಲೆ ಹೊತ್ತನೆಂದು ಈಗಿನ ಕಾಲದ ಪ್ರವಾಸಿಗರು ಮರುಳಾಗುವುದುಂಟು. ಅದು ರಾಗರಾಜನೆಂಬ ದೇವತೆಯ ಹೆಸರಿನ ಮೊದಲ ಅಕ್ಷರವೆಂದು ಕೆಲವು ವಿದ್ವಾಂಸರೂ, ಅತಾಗೊ ಪರ್ವತದ ಯುದ್ಧದೇವತೆಯದೆಂದು ಕೆಲವರೂ ಹೇಳುತ್ತಾರೆ. ಎರಡರಲ್ಲಿ ಯಾವುದಾದರೂ ಅಲ್ಲಿ ನಿಂತಿರುವುದು ರಕ್ಷಣೆಗಾಗಿ, ಪ್ರಣಯಕ್ಕಾಗಿ ಅಲ್ಲ.

ಹದಿನಾರನೆಯ ಶತಮಾನ ಈ ಸಂಪ್ರದಾಯವನ್ನೆಲ್ಲ ಅಲ್ಲಾಡಿಸಿತು. 1543ರಲ್ಲಿ ತಾನೆಗಾಶಿಮಾ ದ್ವೀಪಕ್ಕೆ ಪೋರ್ಚುಗೀಸರೊಡನೆ ಕೋವಿ ಬಂದಿಳಿಯಿತು. ಕುದುರೆಯ ಮೇಲಿನ ಬಿಲ್ಲುಗಾರರ ದ್ವಂದ್ವಗಳ ಬದಲು ಸಾವಿರಾರು ಕಾಲಾಳುಗಳ ಸೈನ್ಯಗಳು ಮೈದಾನಗಳಲ್ಲಿ ಎದುರಾದುವು. ಅಂಥ ಜನಸಾಗರದಲ್ಲಿ ತನ್ನ ಪರಾಕ್ರಮವನ್ನು ಸ್ವಾಮಿ ಗುರುತಿಸಲಿಲ್ಲವೆಂದರೆ ಬಹುಮಾನವೂ ಇಲ್ಲ, ಜಹಗೀರೂ ಇಲ್ಲ. ಆದಕಾರಣ ಹಣೆಯ ಭೂಷಣ ಹುಚ್ಚೆದ್ದು ಬೆಳೆಯಿತು. ದಾತೆ ಮಾಸಾಮುನೆ ಒಂದು ತುದಿ ಗಿಡ್ಡ ಒಂದು ತುದಿ ಉದ್ದವಾದ ಬೃಹತ್ ಚಂದ್ರಕಲೆಯನ್ನು ನೆಟ್ಟನು. ತೊಯೊತೊಮಿ ಹಿದೆಯೊಶಿಯ ತಲೆಯ ಹಿಂದೆ ನೀಳವಾದ ಎಲೆಗಳು ಸೂರ್ಯಕಿರಣಗಳಂತೆ ಹರಡಿದುವು. ಇಯೆಯಾಸು ಜರೀಗಿಡದ ಎಲೆಯನ್ನು ಮುಡಿದನು. ಹಿಂದಕ್ಕೆ ಹಾರದ ಕೀಟವೆಂದು ಕೊಡತಿಯನ್ನು, ವೈಶ್ರವಣನ ದೂತನೆಂದು ಶತಪದಿಯನ್ನು, ಮೊಲದ ಕಿವಿ, ಶಂಖ, ಏಡಿ, ಬೆಕ್ಕುಮೀನಿನ ಬಾಲಗಳನ್ನು ಯೋಧರು ಧರಿಸಿದರು.

ನೋಡುವವರಿಗೆ ಇವೆಲ್ಲ ಲೋಹದ ಘನಕಾರ್ಯವೆಂದು ತೋರುತ್ತದೆ, ಬಹುಪಾಲು ಅಲ್ಲ. ಹೊಂದಾ ತಾದಾಕಾತ್ಸುವಿನ (1548–1610) ಶಿರಸ್ತ್ರಾಣದಿಂದ ಕವಲೊಡೆದು ಏಳುವ ಭಯಂಕರವಾದ ಸಾರಂಗದ ಕೊಂಬುಗಳು ಕಾಗದದವು. ಪದರ ಪದರವಾಗಿ ಅಂಟಿಸಿ, ಉರುಷಿ ಮರದ ಹಾಲಿನ ಮೆರುಗೆಣ್ಣೆ ಬಳಿದು ಗಟ್ಟಿಮಾಡಿದವು. ಕುರೋದಾ ನಾಗಾಮಾಸನ ಶಿರಸ್ತ್ರಾಣದ ಮೇಲೆ, 1184ರ ಯುದ್ಧದಲ್ಲಿ ಯೊಶಿತ್ಸುನೆ ಕುದುರೆಯೊಡನೆ ಇಳಿದನೆನ್ನುವ ಇಚಿನೊತಾನಿಯ ಕಡಿದಾದ ಬಂಡೆಯನ್ನು ಸೂಚಿಸುವ ಬೆಳ್ಳಿಯ ಫಲಕವುಂಟು. ಒಳಗಿರುವುದು ತೆಳುಹಲಗೆ, ಮೇಲಿರುವುದು ಬೆಳ್ಳಿಯ ರೇಕು. ಇದನ್ನು ಫುಕುಶಿಮಾ ಮಾಸಾನೊರಿ ಎಂಬ ಇನ್ನೊಬ್ಬ ನಾಯಕನು ತಮ್ಮ ವೈಮನಸ್ಯ ತೀರಿದ ಗುರುತಿಗೆ ಅವನಿಗೆ ಕೊಟ್ಟು, ಬದಲಾಗಿ ಅವನ ಕೋಣದ ಕೊಂಬಿನ ಶಿರಸ್ತ್ರಾಣವನ್ನು ಪಡೆದನೆಂದು ಹೇಳುತ್ತಾರೆ. 1600ರಲ್ಲಿ ಸೆಕಿಗಹರದ ರಣರಂಗದಲ್ಲಿ ನಾಗಾಮಾಸ ಧರಿಸಿದ್ದು ಈ ಬೆಳ್ಳಿಯ ಬಂಡೆಯನ್ನೇ. ಲೋಹದ್ದಾಗಿದ್ದರೂ ಹಣೆಯ ಭೂಷಣ ತೆಳು ತಗಡಿನದು, ಒಂದು ಗೂಟಕ್ಕೆ ಸಿಕ್ಕಿಸಿಟ್ಟದ್ದು. ವೈರಿಯ ಕತ್ತಿ ತಾಗಿದರೆ ಅದು ಕಳಚಿ ಬೀಳಬೇಕೇ ಹೊರತು ಕತ್ತನ್ನು ತಿರುಚಬಾರದು. ದೂರದ ಕಣ್ಣಿಗಾಗಿ ಮಾಡಿದ್ದರಲ್ಲಿ ಹೀಗೆ ಆಡಂಬರದ ಜೊತೆಗೆ ಲೆಕ್ಕಾಚಾರವೂ ಇತ್ತು.

ಸಣ್ಣ ಲೋಹಗೆಲಸ ತನ್ನ ಪರಾಕಾಷ್ಠೆಯನ್ನು ಮುಟ್ಟಿದ್ದು, ವಿಚಿತ್ರವೆಂದರೆ, ಯುದ್ಧಗಳು ನಿಂತ ಮೇಲೆ. 1615ರಲ್ಲಿ ಒಸಾಕಾ ಬಿದ್ದನಂತರ ಎರಡೂವರೆ ಶತಮಾನಗಳ ಕಾಲ ಶಾಂತಿ ನೆಲಸಿತು, ಕವಚ ಪೆಟ್ಟಿಗೆ ಸೇರಿತು, ಮೆರವಣಿಗೆಗೆಂದೂ ಅಂತಸ್ತಿಗೆಂದೂ ಹೊರಬಂದಿತು. ಈ ವೇಳೆಗೆ ಖಡ್ಗದ ಆಭರಣಗಳನ್ನು ಮಾಡುವವರ ವಿದ್ಯೆ ಬಹಳ ಮುಂದುವರಿದಿತ್ತು. ಷೋಗನ್ ಎಂಬ ಬಿರುದಿನಿಂದ ಜಪಾನನ್ನು ಆಳಿದ ಸೇನಾಧಿಪತಿಗಳಲ್ಲೊಬ್ಬನಾದ ಆಶಿಕಾಗ ಯೊಶಿಮಾಸನ ಆಶ್ರಯದಲ್ಲಿದ್ದ ಗೋತೋ ಯೂಜೋ (1440–1512) ಎಂಬವನಿಂದ ಮೊದಲಾದ ಗೋತೋ ಮನೆತನ ಹದಿನೇಳು ತಲೆಮಾರು ಈ ಕೆಲಸ ಮಾಡಿತು. ಅವರ ಮೆಚ್ಚಿನ ಲೋಹ ಶಾಕುದೋ. ತಾಮ್ರಕ್ಕೆ ನೂರಕ್ಕೆ ಮೂರರಿಂದ ಐದರಷ್ಟು ಚಿನ್ನ ಬೆರೆಸಿದ್ದು. ಎರಕವಾದಾಗ ಅದಕ್ಕೂ ಬರಿಯ ತಾಮ್ರಕ್ಕೂ ಹೆಚ್ಚು ಅಂತರ ಕಾಣದು. ಕೆಲಸ ಮುಗಿದ ಬಳಿಕ ಅದನ್ನು ತೊಳೆದು, ತುರಿದ ಮೂಲಂಗಿಯನ್ನು ಮೆತ್ತಿ, ತಾಮ್ರದ ಕಿಲುಬು, ಮೈಲುತುತ್ತಗಳನ್ನು ಕರಗಿಸಿದ ನೀರಿನಲ್ಲಿ ಕುದಿಸುತ್ತಾರೆ. ಆಗ ಆ ಅಲ್ಪವಾದ ಚಿನ್ನದ ದೆಸೆಯಿಂದ ಇಡೀ ಮೇಲ್ಮೈ ನೇರಿಳೆ ಛಾಯೆಯ ಗಾಢವಾದ ಕಪ್ಪಿಗೆ ತಿರುಗುತ್ತದೆ. ಚಿನ್ನವನ್ನು ಚಿನ್ನವಾಗಿ ತೋರಿಸದೆ ಕಪ್ಪನ್ನು ಪಡೆಯಲೆಂದು ವ್ಯಯಮಾಡುವ ಈ ಔದಾರ್ಯಕ್ಕೆ ಏನೆನ್ನಬೇಕು! ಮೂರು ಪಾಲು ತಾಮ್ರಕ್ಕೆ ಒಂದು ಪಾಲು ಬೆಳ್ಳಿ ಸೇರಿಸಿದ ಶಿಬುಇಚಿ ಅದೇ ನೀರಿನಲ್ಲಿ ಬೂದಿಬಣ್ಣ ತಳೆಯುತ್ತದೆ.

ಶಾಕುದೋ ತಗಡಿನ ಹಿನ್ನೆಲೆಯನ್ನು ತುಂಬುವ ಚುಕ್ಕೆಗಳ ಕೆಲಸ ನಾನಾಕೊ. ಮೀನಿನ ಮೊಟ್ಟೆಗಳನ್ನು ಒತ್ತಾಗಿ ಹರಡಿದಂತೆ ಕಾಣುತ್ತದೆ. ತುದಿಯಲ್ಲಿ ಬಟ್ಟಲಿನಂತೆ ತಗ್ಗಿರುವ ಒಂದು ಸಣ್ಣ ಉಳಿ, ಹ್ರಸ್ವವಾದ ಒಂದು ಸುತ್ತಿಗೆ, ಇವಿಷ್ಟೇ ಸಾಧನ. ಒಂದು ಏಟಿಗೆ ಒಂದು ಗುಳ್ಳೆ ಏಳುತ್ತದೆ. ಅದರ ಪಕ್ಕಕ್ಕೆ ತಾಗಿಯೂ ತಾಗದಂತೆ ಇನ್ನೊಂದು. ಸಾಲು ಮುಗಿದರೆ ಮುಂದಿನ ಸಾಲು, ಹಿಂದಿನದರ ಸಂದಿಗೆ ಸರಿಯಾಗಿ. ಅಂಗುಲದ ಅಗಲದೊಳಗೆ ಇಂಥವು ಎಷ್ಟೋ ಡಜನು. ಒಂದು ಏಟು ಜಾರಿದರೆ ಅಲ್ಲೊಂದು ಕುರುಡು ಚುಕ್ಕೆ ಉಳಿದು ಇಡೀ ಹೊಲವನ್ನು ಕೆಡಿಸುತ್ತದೆ. ಉಳಿಯ ತುದಿ ಸವೆದರೆ ಗುಳ್ಳೆಗಳ ಗಾತ್ರ ಬದಲಾಗುವುದರಿಂದ ಮತ್ತೆ ಮತ್ತೆ ಅದನ್ನು ತಿದ್ದಬೇಕು. ಸರಿಯಾಗಿ ಬಿದ್ದ ನಾನಾಕೊ ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯದೆ ಪ್ರತಿಯೊಂದು ಗುಳ್ಳೆಯ ನೆತ್ತಿಯಲ್ಲೂ ಚೂರುಚೂರಾಗಿ ಒಡೆಯುತ್ತದೆ. ಆ ಕಪ್ಪಿನ ಮೇಲೆ ಏಳುವ ಚಿನ್ನದ ಬಳ್ಳಿ ಎಂದೂ ಕಣ್ಣು ಕುಕ್ಕುವುದಿಲ್ಲ.

ಕಬ್ಬಿಣದವರೂ ಕೈಕಟ್ಟಿ ಕೂರಲಿಲ್ಲ. ಮ್ಯೋಚಿನ್ ಮನೆತನದವರು ಕಬ್ಬಿಣದ ತಗಡನ್ನೇ ಒಳಗಿನಿಂದ ಬಡಿದು ಉಬ್ಬಿಸಿ ಸಿಂಹ, ನಾಗ, ದೇವತೆಗಳನ್ನು ಎಬ್ಬಿಸಿದರು. ಯುದ್ಧವಿಲ್ಲದೆ ಉಳಿದ ಹೊತ್ತಿನಲ್ಲಿ ಕೀಲುಕೀಲುಗಳಲ್ಲಿ ಬಾಗುವ ಕಬ್ಬಿಣದ ಪ್ರಾಣಿಗಳನ್ನು ಮಾಡಿದರು. ಮ್ಯೋಚಿನ್ ಮುನೆಯಾಕಿ 1713ರಲ್ಲಿ ಮಾಡಿದ ಅಂಥ ನಾಗವೊಂದು ಟೋಕಿಯೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಮನೆತನದವರು ಹಳೆಯ ಶಿರಸ್ತ್ರಾಣಗಳನ್ನು ನೋಡಿ, ಇದು ನಮ್ಮ ಇಂಥ ಪೂರ್ವಿಕನದೆಂದು ಪ್ರಮಾಣಪತ್ರಗಳನ್ನೂ ಬರೆದುಕೊಟ್ಟರು. ತಮ್ಮ ವಂಶಾವಳಿಯನ್ನು ಬಹು ಪುರಾತನಕ್ಕೆ ಎಳೆದುಕೊಂಡು ಹೋದರು. ಈಗಿನ ತಜ್ಞರು ಆ ಪತ್ರಗಳಲ್ಲಿ ಹೆಚ್ಚಿನವನ್ನು ನಂಬುವುದಿಲ್ಲ. ಸುತ್ತಿಗೆ ಹಿಡಿದ ಕೈ ಲೇಖನಿಯನ್ನೂ ಹಿಡಿದರೆ ಇಂಥ ಅನಾಹುತಗಳು ಆಗುವುದುಂಟು.

ಹದಿನೆಂಟನೆಯ ಶತಮಾನದಲ್ಲಿ ಪ್ರಾಚೀನಪ್ರೀತಿಯೊಂದು ಹಬ್ಬಿತು. ಅರಾಯಿ ಹಾಕುಸೆಕಿಯಂಥ ಪಂಡಿತರು ಹಳೆಯ ಆಯುಧಗಳ ವಿಚಾರವಾಗಿ ಗ್ರಂಥ ಬರೆದರು. ಶ್ರೀಮಂತರಿಗೆ ಕಸುಗದ ಮಾದರಿಯ ಕವಚ ಬೇಕಾಯಿತು. ಕೊಂಬುಗಳು ಮೊದಲಿಗಿಂತ ದೊಡ್ಡವಾಗಿ, ನೆತ್ತಿಯ ಹೂಗಳು ಮೊದಲಿಗಿಂತ ದಟ್ಟವಾಗಿ ಮರುಹುಟ್ಟು ಪಡೆದುವು. 1800ರಲ್ಲಿ ಕವಚನಿರ್ಮಾಣದ ಮೇಲೆ ಗ್ರಂಥ ಬರೆದ ಸಕಾಕಿಬಾರ ಕೋಜಾನ್, ಯುದ್ಧಕಾಲದ ಸರಳವಾದ, ಉಪಯುಕ್ತವಾದ ಶೈಲಿಯೇ ಶ್ರೇಷ್ಠವೆಂದು ವಾದಿಸಿದನು. ಯೋಧನ ದೃಷ್ಟಿಯಿಂದ ಅವನ ಪಕ್ಷವೇ ಸರಿ. ಆದರೂ ಆ ಮರುಹುಟ್ಟಿನ ಕೆಲವು ತುಣುಕುಗಳನ್ನು ನೋಡಿದರೆ, ಅವನ ತರ್ಕಕ್ಕೆ ಕಿವಿಗೊಡದ ಕೆಲಸಗಾರರನ್ನು ಕ್ಷಮಿಸಬೇಕೆನ್ನಿಸುತ್ತದೆ.

1876ರಲ್ಲಿ ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನು ಸರ್ಕಾರ ನಿಷೇಧಿಸಿದಾಗ ಈ ವಿದ್ಯೆಯ ಅನ್ನಕ್ಕೆ ಕಲ್ಲು ಬಿತ್ತು. ಕೆಲವರು ಹೂದಾನಿ, ಧೂಪಪಾತ್ರೆಗಳನ್ನು ಮಾಡಿ ಪರದೇಶಗಳಿಗೆ ಮಾರಿದರು. ಖಡ್ಗಾಭರಣಗಳಲ್ಲಿ ಹೆಸರಾಗಿದ್ದ ಕಾನೊ ನಾತ್ಸುವೊ (1828–1898) ಹೊಸ ಸರ್ಕಾರದ ನಾಣ್ಯಗಳಿಗೆ ನಾಗಾಕೃತಿಯ ಅಚ್ಚು ಕೊರೆದನು, 1890ರಲ್ಲಿ ಟೋಕಿಯೋದ ಲಲಿತಕಲಾಶಾಲೆಯಲ್ಲಿ ಅಧ್ಯಾಪಕನಾದನು. ಕವಚಗಳು ಹಡಗು ಹತ್ತಿದುವು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯದ ಆಯುಧವಿಭಾಗವನ್ನು ಕಟ್ಟಿದ ಬ್ಯಾಶ್‌ಫರ್ಡ್ ಡೀನ್ ವೃತ್ತಿಯಿಂದ ಮತ್ಸ್ಯಶಾಸ್ತ್ರಜ್ಞ. ಆಶಿಕಾಗ ತಾಕಾಉಜಿಯದೆನ್ನಲಾದ ಹದಿನಾಲ್ಕನೆಯ ಶತಮಾನದ ಕವಚವೊಂದನ್ನು 1914ರಲ್ಲಿ ಆ ಸಂಗ್ರಹಾಲಯಕ್ಕೆ ದಾನವಿತ್ತವನು ಅವನೇ.

ಇದಕ್ಕೂ ಬಹಳ ಮೊದಲೇ, 1613ರಲ್ಲಿ, ಷೋಗನ್ ಹಿದೆತಾದಾ ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನಿಗೆಂದು ನಾವಿಕ ಜಾನ್ ಸಾರಿಸನ ಕೈಯಲ್ಲಿ ಎರಡು ಕವಚಗಳನ್ನು ಕಳುಹಿಸಿದ್ದನು. ನಾರಾದ ಇವಾಯಿ ಯೊಜಾಯೆಮೊನ್‌ನ ಕೆಲಸದವು, ಇಯೆಯಾಸುವಿನ ಜರೀ ಎಲೆಯ ಕವಚವನ್ನು ಮಾಡಿದವನದೇ. ಲಂಡನ್ನಿನ ದುರ್ಗದಲ್ಲಿ ಅವುಗಳಲ್ಲೊಂದನ್ನು ಆ ಶತಮಾನದಲ್ಲಿಯೇ ಮೊಗಲ್ ಚಕ್ರವರ್ತಿಯ ಕವಚವೆಂದು ತೋರಿಸಲಾರಂಭಿಸಿದರು! ಹಾಗೆ ಕೆಲಕಾಲ ಷೋಗನ್ನನ ಕಾಣಿಕೆ ದಿಲ್ಲಿಯ ಕೀರ್ತಿಯನ್ನು ಹೊತ್ತು ನಿಂತಿತು.

ಹೀಗೆ ಚದರಿದ ಶಿರಸ್ತ್ರಾಣಗಳಲ್ಲಿ ಮೊದಲು ಕಳೆದುಹೋದದ್ದು ಹಣೆಯ ಭೂಷಣವೇ. ಗೂಟಕ್ಕೆ ಸಿಕ್ಕಿಸಿದ್ದು ಬೇಗ ಕಳಚುತ್ತದೆ. ಮಾರುವವರು ಬರಿದಾದ ಗೂಟಕ್ಕೆ ಬೇರೆಲ್ಲಿಂದಲೋ ತಂದ ಚಂದ್ರಕಲೆಯನ್ನೋ ಹೊಸದಾಗಿ ಮಾಡಿಸಿದ ಕೊಂಬನ್ನೋ ಸಿಕ್ಕಿಸಿ ಬೆಲೆಯೇರಿಸಿದ ನಿದರ್ಶನಗಳು ಹೇರಳ. ಆದಕಾರಣ ಬಲ್ಲವರು ಮೊದಲು ಭೂಷಣವನ್ನು ತೆಗೆದಿಟ್ಟು ಗೂಟವನ್ನು ನೋಡುತ್ತಾರೆ, ಅದರ ಮೇಲೆ ಭೂಷಣ ಸಡಿಲವಾಗಿ ಆಡುತ್ತದೆಯೇ ಎಂದು ಅಲ್ಲಾಡಿಸುತ್ತಾರೆ. ವಿದ್ಯುಚ್ಛಕ್ತಿಯಿಂದ ಲೇಪಿಸಿದ ಈಚಿನ ಚಿನ್ನ ಎಲ್ಲೆಡೆಯೂ ಒಂದೇ ಸಮನಾಗಿದ್ದು, ಪಾದರಸದಿಂದ ಹೊದಿಸಿದ ಹಳೆಯದು ಏರಿದ ಅಂಚುಗಳಲ್ಲಿ ಸವೆದು ಕಂದುಬಣ್ಣದ ತಾಮ್ರವನ್ನು ತೋರಿಸುತ್ತದೆಯಾದ್ದರಿಂದ ಅಂಚುಗಳ ಮೇಲೆ ಬೆರಳಾಡಿಸುತ್ತಾರೆ. ಕಡೆಗೆ ಶಿರಸ್ತ್ರಾಣವನ್ನು ಮಗುಚಿ, ಅಸ್ತರನ್ನು ಸರಿಸಿ, ನೆತ್ತಿಯ ಹೂವನ್ನು ಹಿಡಿದ ಕೊಳವೆಯ ನಾಲಗೆಗಳು ಎಷ್ಟು ಸಲ ಮಡಿದು ಎಷ್ಟು ಸಲ ಬಿಡಿಸಿಕೊಂಡಿವೆಯೆಂದು ದೀಪ ಹಿಡಿದು ಎಣಿಸುತ್ತಾರೆ.